ಪಾಸಾಗದ ಅಲಸಂಡೆ

ದೂಜ ತೀರಿಕೊಂಡು ಎಂಟು ತಿಂಗಳಾಯಿತು. ಬೊಂಬಾಯಿಯ ಕುರ್ಲಾದಲ್ಲಿ ಅವನಿದ್ದ ಆ ಸಾಲುಮನೆಯ ಚಾಳಿನಲ್ಲಿ ಈಗಲೂ ಅವನ ಹೆಸರು ಬಂದರೆ ಜನ ನಗುತ್ತಾರೆ. ನಗಲಿ. ಅವನು ಇದ್ದದ್ದೇ ಹಾಗೆ.

ದೂಜನಿಗೆ ಬೈಕುಲ್ಲಾದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ. ಅಲ್ಲಿ ಬೋಲ್ಟು ಮಾಡುತ್ತಿದ್ದರು. ದೂಜ ಮಾಡುತ್ತಿರಲಿಲ್ಲ. ಮಾಡಿದ್ದನ್ನು ನೋಡುತ್ತಿದ್ದ. ಚೆಕರ್ ಅಂತ ಅವನ ಕೆಲಸದ ಹೆಸರು. ಕೈಯಲ್ಲಿ ಎರಡು ತೂತಿನ ಒಂದು ಉಕ್ಕಿನ ಪಟ್ಟಿ. ಅದಕ್ಕೆ ಗೇಜು ಅನ್ನುತ್ತಾರೆ. ಬೋಲ್ಟು ದೊಡ್ಡ ತೂತಿನಲ್ಲಿ ಹೋಗಬೇಕು, ಚಿಕ್ಕ ತೂತಿನಲ್ಲಿ ಹೋಗಬಾರದು. ಹಾಗಿದ್ದರೆ ಪಾಸು, ಬಲಗಡೆಯ ಡಬ್ಬಕ್ಕೆ. ಇಲ್ಲದಿದ್ದರೆ ರಿಜೆಕ್ಟು, ಎಡಗಡೆಯ ಡಬ್ಬಕ್ಕೆ. ಬೆಳಗ್ಗೆ ಎಂಟರಿಂದ ಸಂಜೆ ಐದರ ತನಕ ಇಷ್ಟೇ ಕೆಲಸ. ಮದುವೆಯ ಹೊತ್ತಿಗೆ ಹನ್ನೊಂದು ವರ್ಷ ಇದನ್ನೇ ಮಾಡಿದವನ ತಲೆಯೊಳಗೂ ಎರಡು ಡಬ್ಬ ಕೂತುಬಿಟ್ಟಿದ್ದವು.

ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಅವನ ಮದುವೆಯಾಯಿತು. ಹುಡುಗಿ ಮೂಲ್ಕಿ ಕಡೆಯವಳು, ಸೇವಂತಿ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಬೊಂಬಾಯಿ ಅಂದರೆ ಏನೋ ಅಂದುಕೊಂಡು ಬಂದಳು. ಬಂದು ನೋಡಿದರೆ ಒಂದೇ ಕೋಣೆಯ ಖೋಲಿ, ಒಂದು ಇದ್ದಿಲೊಲೆಯ ಸಿಗಡಿ, ಒಂದು ಗೇಜು.

ಮೊದಲ ದಿನ ದೋಸೆ ಹೊಯ್ದಳು. ದೂಜ ತಿನ್ನುವ ಮೊದಲು ದೋಸೆಯನ್ನು ಎರಡೂ ಕೈಯಲ್ಲಿ ಬೆಳಕಿಗೆ ಹಿಡಿದು ತಿರುಗಿಸಿದ.

"ಈ ಕಡೆ ಸ್ವಲ್ಪ ಉದ್ದ ಆಗಿದೆ" ಅಂದ.

"ಹೊಟ್ಟೆಗೆ ಹೋದ ಮೇಲೆ ಸರಿಯಾಗ್ತದೆ" ಅಂದಳು ಸೇವಂತಿ.

"ಹಾಗಲ್ಲ. ಹೋಗುವ ಮೊದಲೇ ಸರಿ ಇರಬೇಕು."

ಆದರೂ ತಿಂದ. ಆರು ತಿಂದ. ಒಂದೊಂದಕ್ಕೂ ಒಂದೊಂದು ತಪ್ಪು ಹೇಳಿ ತಿಂದ. ಬೈಯುತ್ತಿರಲಿಲ್ಲ, ಅದೇ ಕಷ್ಟ. ಬೈದರೆ ತಿರುಗಿ ಬೈಯಬಹುದಿತ್ತು. ಅವನು ಬೋಲ್ಟಿಗೆ ಹೇಳುವ ಹಾಗೆ ಮೆಲ್ಲಗೆ ಹೇಳುತ್ತಿದ್ದ. ಒಮ್ಮೆ ಬೂತಾಯಿ ಮೀನು ತಂದಾಗ ಎಲ್ಲವನ್ನೂ ಸಾಲಾಗಿ ಮಲಗಿಸಿ, ಗಿಡ್ಡವಾದ ಮೂರನ್ನು ಹಿಂದೆ ಕೊಟ್ಟು ಬರಲು ಹೋದ. ಮೀನಿನವಳು ಮರಾಠಿಯಲ್ಲಿ ಹೇಳಿ ಕಳಿಸಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಎರಡು ತಿಂಗಳು ಸೇವಂತಿ ತಡೆದುಕೊಂಡಳು. ಮೇ ತಿಂಗಳ ಒಂದು ಬೆಳಗ್ಗೆ ಅವಳು ತಲೆ ಬಾಚಿ, ಕುಂಕುಮ ಇಟ್ಟು, ಅವನಿಗೆ ಚಹಾ ಕೊಡಲು ಬಂದಳು. ದೂಜ ಒಂದು ಕಣ್ಣು ಮುಚ್ಚಿ ಅವಳ ಹಣೆ ನೋಡಿದ.

"ಅರ್ಧ ನೂಲಿನಷ್ಟು ಎಡಕ್ಕೆ ಸರಿದಿದೆ."

"ಎಂತ?"

"ಕುಂಕುಮ."

ಸೇವಂತಿ ಚಹಾದ ಕಪ್ಪು ನೆಲಕ್ಕಿಟ್ಟಳು. "ಇದು ಗಂಡ ನೋಡಲಿ ಅಂತ ಇಟ್ಟದ್ದು. ಚೆಕರ್ ನೋಡಲಿ ಅಂತ ಅಲ್ಲ."

ಈಗ ಆ ಹಣೆಯಲ್ಲಿ ಅಳೆಯಲು ಏನೂ ಇಲ್ಲ. ಆ ದಿನ ಮಾತ್ರ ಸಿಟ್ಟು ನೆತ್ತಿಗೇರಿತ್ತು.

ಅದೇ ಹೊತ್ತಿಗೆ ಅವಳ ತಾಯಿಯ ತಮ್ಮ ಚೆನ್ನಯ ಮಾವ ಬೊಂಬಾಯಿಗೆ ಬಂದಿದ್ದರು. ಗ್ರಾಂಟ್ ರೋಡಿನಲ್ಲಿ ಗುರುತಿನವರ ಲಾಡ್ಜಿನಲ್ಲಿ ಇಳಿದುಕೊಂಡಿದ್ದರು. ಸೋಮವಾರ ಊರಿಗೆ ಹೊರಡುವವರು. ಅವರ ಕಡೆ ಹೆಣ್ಣುಮಗಳ ಮೇಲೆ ತಾಯಿಯ ತಮ್ಮನ ಮಾತು ದೊಡ್ಡದು. ಮಾವ ಕರೆದುಕೊಂಡು ಹೋದರೆ ಗಂಡ ಬಾಯಿ ಎತ್ತುವ ಹಾಗಿಲ್ಲ. ಹೋದವಳನ್ನು ತವರಿನಲ್ಲಿ ಯಾರೂ ಆಡಿಕೊಳ್ಳುವುದೂ ಇಲ್ಲ.

"ಸೋಮವಾರ ಮಾವನ ಜೊತೆ ನಾನು ಊರಿಗೆ ಹೋಗ್ತೇನೆ" ಅಂದಳು ಸೇವಂತಿ.

"ಎಷ್ಟು ದಿನಕ್ಕೆ?"

"ಅದಕ್ಕೆ ಅಳತೆ ಇಲ್ಲ. ಹೋಗ್ತೇನೆ."

ದೂಜ ಚಹಾ ಕುಡಿಯಲಿಲ್ಲ. ಕೆಲಸಕ್ಕೆ ಹೊರಟ. ಬಾಗಿಲಿನ ತನಕ ಹೋಗಿ ತಿರುಗಿ ಬಂದು, "ಚಪ್ಪಲಿ" ಅಂದ. ಬರಿಗಾಲಿನಲ್ಲಿ ಹೊರಟಿದ್ದ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಇನ್ನು ಅಲಸಂಡೆಯ ಸಂಗತಿ. ಆ ಚಾಳಿನಲ್ಲಿದ್ದ ಊರ ಕಡೆಯವರೆಲ್ಲ ಸೇರಿ ವಾರಕ್ಕೊಂದು ದಿನ ಭಜನೆ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಅದರ ಮಂಗಲದ ಪೂಜೆ. ರಜೆಗೆ ಊರಿಗೆ ಹೋಗಲು ಆಗದವರೆಲ್ಲ ಅಂಗಳದಲ್ಲಿ ತಾಡಪಾಲು ಕಟ್ಟಿ, ಭಜನೆ ಮುಗಿಸಿ, ಸಾಲಾಗಿ ಕೂತು ಪಾನಕ ಕುಡಿದು ಅಲಸಂಡೆ ಕಾಳಿನ ಕೋಸಂಬರಿ ತಿನ್ನುವುದು. ಪೇಟೆಯಲ್ಲಿ ಚವಳಿ ಅನ್ನುತ್ತಾರಲ್ಲ, ಕಪ್ಪು ಕಣ್ಣಿನ ಬಿಳಿ ಕಾಳು, ಅದೇ. ಕಾಳನ್ನು ಬೇಯಿಸಿ ಬಸಿದು, ಮುಳ್ಳುಸೌತೆ, ಮಾವಿನಕಾಯಿ, ಹಸಿಮೆಣಸು, ತೆಂಗಿನತುರಿ ಬೆರೆಸಿ ಒಗ್ಗರಣೆ ಕೊಟ್ಟರೆ ಆಯಿತು. ಮಕ್ಕಳೂ ಮಾಡಬಹುದು. ವರ್ಷಕ್ಕೊಂದು ಖೋಲಿಯ ಸರದಿ. ಆ ವರ್ಷ ದೂಜನ ಖೋಲಿಗೆ ಬಂತು. ಭಾನುವಾರ ಮಂಗಲ. ಶುಕ್ರವಾರ ಸಂಜೆ ಪಕ್ಕದ ಖೋಲಿಯ ಶೀಲಾವತಿ ಬಂದು ಐದು ಸೇರು ಕಾಳು ಇಟ್ಟು ಹೋದಳು. ಶೀಲಾವತಿಯನ್ನು ಚಾಳಿನಲ್ಲಿ ಎಲ್ಲರೂ ಶೀಲಕ್ಕ ಅನ್ನುವುದು. ನಳ್ಳಿಯ ಸಾಲಿನಿಂದ ಹಿಡಿದು ಗಂಡಹೆಂಡಿರ ಜಗಳದ ತನಕ ಅವಳದೇ ಯಜಮಾನಿಕೆ.

ಸೇವಂತಿ ಕಾಳಿನ ಚೀಲವನ್ನು ದೂಜನ ಎದುರಿಗೆ ತಳ್ಳಿದಳು.

"ನಾನು ಮುಟ್ಟುವುದಿಲ್ಲ. ನೀವೇ ಮಾಡಿ. ಅಡಿಗೆ ಅಂದ್ರೆ ಎಂತದ್ದು ಅಂತ ಗೊತ್ತಾಗಲಿ."

"ನಾನಾ?"

"ಹೌದು. ಅರುವತ್ತು ಜನ ಬರ್ತಾರೆ. ಅದರಲ್ಲಿ ಒಬ್ಬರಾದ್ರೂ ಬಾಯಿಬಿಟ್ಟು, ಇನ್ನೊಂಚೂರು ಹಾಕಿ ಅಂತ ಕೇಳಿದ್ರೆ ನಾನು ಊರಿಗೆ ಹೋಗುವುದಿಲ್ಲ."

ದೂಜನ ಮುಖ ಅರಳಿತು. "ಒಬ್ಬರು ಸಾಕಾ?"

"ಸಾಕು."

"ಆಮೇಲೆ ಬದಲಾಯಿಸುವ ಹಾಗಿಲ್ಲ."

"ಇಲ್ಲ ಅಂದೆನಲ್ಲ."

ಸೇವಂತಿಗೆ ಗೊತ್ತಿದ್ದೇ ಹೇಳಿದ್ದು. ಅವರ ಕಡೆ ಪಂಕ್ತಿಯಲ್ಲಿ ಕೂತವರು ಸತ್ತರೂ ಬೇಕು ಅಂತ ಕೇಳುವುದಿಲ್ಲ. ಬಡಿಸುವವರು ಬಂದರೆ ಎಲೆಗೆ ಕೈ ಅಡ್ಡ ಹಿಡಿದು ಬೇಡ ಬೇಡ ಅನ್ನಬೇಕು. ಬಡಿಸುವವರು ಇಲ್ಲ ಇಲ್ಲ ಅಂತ ಬೆರಳ ಸಂದಿಯಲ್ಲೇ ಹಾಕಬೇಕು. ಆಗ ಅಯ್ಯಯ್ಯೋ ಅಂತ ತಿನ್ನಬೇಕು. ಬಾಯಿಬಿಟ್ಟು ಕೇಳಿದವನನ್ನು ಹತ್ತು ವರ್ಷ ಆಡಿಕೊಳ್ಳುತ್ತಾರೆ. ಹಾಗಾಗಿ ಅವಳ ಮನಸ್ಸಿನಲ್ಲಿ ಅವಳು ಆಗಲೇ ಗಾಡಿ ಹತ್ತಿ ಕೂತಿದ್ದಳು.

ಶನಿವಾರ ವರ್ಕ್‌ಶಾಪು ಅರ್ಧ ದಿನ. ಮಧ್ಯಾಹ್ನ ಬಂದವನೇ ದೂಜ ಅಂಗಿ ಕಳಚಿ, ಚಾಪೆ ಹಾಸಿ, ಕಾಳು ಸುರಿದು ಕೂತ. ಕಾಳು ಆರಿಸುವುದು ಅಂದರೆ ಕಲ್ಲು, ಹುಳು ತೆಗೆಯುವುದು. ದೂಜ ಕಿಸೆಯಿಂದ ಗೇಜು ತೆಗೆದ.

ಸೇವಂತಿ ಗೋಡೆಗೆ ಒರಗಿ ನೋಡುತ್ತ ಕೂತಳು. ಒಂದು ಕಾಳು ತೆಗೆದ. ದೊಡ್ಡ ತೂತಿನಲ್ಲಿ ಹಾಕಿದ, ಹೋಯಿತು. ಚಿಕ್ಕ ತೂತಿನಲ್ಲಿ ಹಾಕಿದ, ಹೋಗಲಿಲ್ಲ. ಬಲಗಡೆ ಇಟ್ಟ. ಇನ್ನೊಂದು ತೆಗೆದ. ಎರಡರಲ್ಲೂ ಸರಿಯಾಯಿತು, ಆದರೆ ಕಣ್ಣಿನ ಹತ್ತಿರ ಹಿಡಿದು ನೋಡಿ ಎಡಗಡೆ ಹಾಕಿದ.

ಅವಳಿಗೆ ತಡೆಯಲಾಗಲಿಲ್ಲ. "ಅದಕ್ಕೆ ಎಂತ ಆಯ್ತು?"

"ಕಣ್ಣು ಓರೆ."

"ಕಾಳಿನ ಕಣ್ಣಾ?"

"ಕಪ್ಪು ಬೊಟ್ಟು ನಡುವಿನಲ್ಲಿರಬೇಕು. ಇದರದ್ದು ಮೇಲೆ ಹೋಗಿದೆ."

ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಬಲಗಡೆ ಒಂದು ಸೇರಿನಷ್ಟು. ಎಡಗಡೆ ಬೆಟ್ಟ. ಶೀಲಕ್ಕ ಬಂದು ನೋಡಿ ಎದೆ ಬಡಿದುಕೊಂಡಳು.

"ದೂಜಣ್ಣ, ಅರುವತ್ತು ಜನಕ್ಕೆ ಇಷ್ಟಾ?"

"ಒಬ್ಬರಿಗೆ ಮೂವತ್ತು ಕಾಳು ಬರ್ತದೆ ಶೀಲಕ್ಕ. ಆದರೆ ಎಲ್ಲವೂ ಪಾಸು ಕಾಳು."

"ಮೂವತ್ತು ಕಾಳು ಹಕ್ಕಿಗೂ ಸಾಲುವುದಿಲ್ಲ ಮಾರಾಯ! ಇದನ್ನೆಲ್ಲ ಎಂತ ಮಾಡುದು?"

"ಅದು ರಿಜೆಕ್ಟ್ ಮಾಲು. ಬಳಸುವ ಹಾಗಿಲ್ಲ."

ಶೀಲಕ್ಕ ಸೇವಂತಿಯ ಮುಖ ನೋಡಿದಳು. ಸೇವಂತಿ ತಲೆಯ ಮೇಲಿನ ಮಾಡು ನೋಡಿದಳು. ಶೀಲಕ್ಕ ಎಡಗಡೆಯ ರಾಶಿಯನ್ನು ಸೆರಗಿಗೆ ತುಂಬಿಕೊಂಡು, "ನಾನು ನೆನೆಹಾಕಿ ಬೇಯಿಸ್ತೇನೆ. ತಬೇಲೆಯ ದನಕ್ಕಾದ್ರೂ ಆಗ್ತದೆ" ಅಂದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಮತ್ತೆ ದೂಜಣ್ಣ, ಈ ಚಾಳಿಗೆ ಬಂದು ನನಗೆ ಹದಿನೈದು ವರ್ಷ. ಪಂಕ್ತಿಯಲ್ಲಿ ಬೇಕು ಅಂತ ಬಾಯಿಬಿಟ್ಟು ಕೇಳಿದವರನ್ನು ನಾನು ನೋಡಿಲ್ಲ. ನಿಮ್ಮ ಹೆಂಡತಿ ನಿಮ್ಮನ್ನು ಮಂಗ ಮಾಡಿದ್ದಾಳೆ" ಅಂದಳು. ಚಾಳಿನಲ್ಲಿ ಗುಟ್ಟು ಅಂತ ಒಂದಿಲ್ಲ.

ದೂಜ ಯೋಚನೆ ಮಾಡಿದ. "ಮತ್ತೆ ಎಲ್ಲರಿಗೂ ಎರಡೆರಡು ಸಲ ಬಡಿಸ್ತಾರಲ್ಲ?"

"ಬೇಡ ಅಂದ್ರೆ ಬೇಕು ಅಂತ ಲೆಕ್ಕ. ಅಷ್ಟೂ ಗೊತ್ತಿಲ್ವಾ?"

"ಇಲ್ಲ. ನಾನು ಬೇಡ ಅಂದಾಗಲೂ ಹಾಕ್ತಿದ್ರು. ನನ್ನ ಮೇಲೆ ಏನೋ ಸಿಟ್ಟು ಅಂತ ತಿಳಿದಿದ್ದೆ."

ಶೀಲಕ್ಕ ನಗುತ್ತ ಹೋದಳು. ಸೇವಂತಿಗೂ ನಗು ಬಂತು. ಗೋಡೆಯ ಕಡೆ ತಿರುಗಿ ಮಲಗಿದಳು. ದೂಜ ಮಾತ್ರ ಕೂತೇ ಇದ್ದ. ಸೋಲುವುದು ಖಾತ್ರಿ ಅಂತ ಗೊತ್ತಾದ ಮೇಲೂ ಆ ಮನುಷ್ಯ ಪಾಸು ಕಾಳನ್ನು ಮೂರು ಸಲ ತೊಳೆದು ನೆನೆಹಾಕಿದ. ಅದು ಅವಳಿಗೆ ಕೇಳಿಸುತ್ತಿತ್ತು.

ಭಾನುವಾರ ಬೆಳಗ್ಗೆ ಸಿಗಡಿ ಹೊತ್ತಿಸಿ ಪಾಸು ಕಾಳಿನ ಪಾತ್ರೆ ಇಟ್ಟ. ಶೀಲಕ್ಕನ ಸಿಗಡಿಯ ಮೇಲೆ ರಿಜೆಕ್ಟಿನ ದೊಡ್ಡ ಹಂಡೆ. ಅಂಗಳದಲ್ಲಿ ತಾಳದ ಸದ್ದು ಶುರುವಾಗಿತ್ತು. ದೂಜ ಮುಳ್ಳುಸೌತೆ ಹಚ್ಚಲು ಕೂತ. ಒಂದೊಂದು ತುಂಡನ್ನೂ ಚೌಕ ಮಾಡಿ, ಕಾಳಿನಷ್ಟೇ ಆಗುವ ತನಕ ಕೆತ್ತಿದ. ಒಂದು ಸೌತೆಗೆ ಕಾಲು ಗಂಟೆ ಹಿಡಿಯಿತು. ಕೆತ್ತಿ ಉಳಿದದ್ದನ್ನು ಸೇವಂತಿ ತಿಂದಳು. ಅವಳು ಮುಟ್ಟುವುದಿಲ್ಲ ಅಂದದ್ದು ಅಡಿಗೆಯನ್ನು, ತಿನ್ನುವುದನ್ನಲ್ಲ.

ಮೂರನೆಯ ಸೌತೆಗೆ ಬಂದಾಗ ಅವಳ ಮೂಗಿಗೆ ಕಾಳು ಮೀರಿ ಬೆಂದ ವಾಸನೆ ಬಂತು. ಹೇಳಬಾರದು ಅಂತ ಇದ್ದಳು. ಆದರೂ ಕೆಮ್ಮಿದಳು. ಎರಡು ಸಲ ಕೆಮ್ಮಿದಳು. ದೂಜ, "ನೀರು ಕುಡಿ" ಅಂದ.

ಅವನು ಮುಚ್ಚಳ ತೆಗೆಯುವಾಗ ಕಾಳು ಇರಲಿಲ್ಲ. ಗಂಜಿ ಇತ್ತು. ಎಲ್ಲವೂ ಒಂದೇ ಗಾತ್ರ. ಹಾಗಾಗಿ ಎಲ್ಲವೂ ಒಂದೇ ನಿಮಿಷಕ್ಕೆ ಬೆಂದಿದ್ದವು, ಒಂದೇ ನಿಮಿಷಕ್ಕೆ ಒಡೆದಿದ್ದವು. ಒಂದಕ್ಕಾದರೂ ಮೈಮೇಲೆ ಸಿಪ್ಪೆ ಉಳಿದಿರಲಿಲ್ಲ. ದೂಜ ಸೌಟು ಅದ್ದಿ ಎತ್ತಿದ. ಗಂಜಿ ಮೆಲ್ಲಗೆ ಇಳಿಯಿತು. ಅಷ್ಟು ಚೆನ್ನಾಗಿ ಆರಿಸಿದ ಕಾಳು ಆ ಬೊಂಬಾಯಿಯಲ್ಲಿ ಬೇರೆ ಇರಲಿಲ್ಲ, ಅಷ್ಟು ಚೆನ್ನಾಗಿ ಕೆಟ್ಟದ್ದೂ ಇರಲಿಲ್ಲ.

ಶೀಲಕ್ಕ ತನ್ನ ಹಂಡೆ ಬಸಿದು ತಂದು ಅವನ ಎದುರು ಕುಕ್ಕಿದಳು. ಸಣ್ಣದು ಮೆತ್ತಗಾಗಿತ್ತು, ದೊಡ್ಡದು ಗಟ್ಟಿ ಇತ್ತು, ನಡುವಿನದು ಸರಿಯಾಗಿತ್ತು. ಒಟ್ಟಿನಲ್ಲಿ ಬಾಯಿಗೆ ಹಾಕಿದರೆ ಕಾಳು ಅಂತ ಗೊತ್ತಾಗುತ್ತಿತ್ತು.

"ಇದನ್ನೇ ಮಾಡು ಮಾರಾಯ. ಆರತಿ ಆಗ್ತಾ ಬಂತು" ಅಂದಳು ಶೀಲಕ್ಕ. ಅವಸರದಲ್ಲಿ ದೂಜಣ್ಣ ಹೋಗಿ ಮಾರಾಯ ಆಗಿದ್ದ.

"ರಿಜೆಕ್ಟ್ ಮಾಲನ್ನು ನಾನು ಇವತ್ತಿನ ತನಕ ಹೊರಗೆ ಕಳಿಸಿಲ್ಲ."

"ಇವತ್ತು ಕಳಿಸು!"

ದೂಜ ಹಂಡೆ ಹತ್ತಿರ ಎಳೆದುಕೊಂಡ. ಸೌತೆ ಹಾಕಿದ, ಮಾವಿನಕಾಯಿ ಹಾಕಿದ, ತೆಂಗಿನತುರಿ ಹಾಕಿದ. ಉಪ್ಪಿನ ಮರಿಗೆ ಹಿಡಿದು ನಿಂತ.

"ಉಪ್ಪು ಎಷ್ಟು ಶೀಲಕ್ಕ?"

"ಅಂದಾಜು."

"ಅಂದಾಜು ಅಂದ್ರೆ ಎಷ್ಟು?"

"ಕೈ ಹೇಳ್ತದೆ."

ದೂಜ ತನ್ನ ಕೈ ನೋಡಿದ. "ನನ್ನ ಕೈ ಎಂತ ಹೇಳುದಿಲ್ಲ."

ಶೀಲಕ್ಕ ಅವನ ಮೊಣಕೈ ಹಿಡಿದು ಅಲ್ಲಾಡಿಸಿದಳು. ಉದುರಿದಷ್ಟು ಉದುರಿತು. ಲಿಂಬೆ ಹಿಂಡಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಬೇವಿನಸೊಪ್ಪು ಒಗ್ಗರಣೆ ಹಾಕಿದರು. ದೇವರಿಗೆ ತೋರಿಸುವ ಮೊದಲು ರುಚಿ ನೋಡುವ ಹಾಗಿಲ್ಲ. ಹೇಗಾಗಿದೆ ಅಂತ ಯಾರಿಗೂ ಗೊತ್ತಿಲ್ಲ.

ಆರತಿ ಆಯಿತು. ಮುತ್ತುಗದ ಎಲೆ ಹಾಕಿ ಗಂಡಸರೆಲ್ಲ ಎರಡು ಸಾಲಾಗಿ ಕೂತರು. ಮೊದಲ ಸಾಲಿನ ಮೊದಲ ಎಲೆಗೆ ಚೆನ್ನಯ ಮಾವ, ಊರಿನಿಂದ ಬಂದ ಹಿರಿಯರು ಅಂತ. ಗ್ರಾಂಟ್ ರೋಡಿನಿಂದ ಲೋಕಲ್‌ನಲ್ಲಿ ನಿಂತು ಬಂದು ಬೆವರಿ ಹೋಗಿದ್ದರು. ಸೇವಂತಿ ಹೆಂಗಸರ ಜೊತೆ ಜಗಲಿಯ ಕಂಬದ ಹಿಂದೆ ನಿಂತಳು. ಎರಡೂ ಕಿವಿ ಅಂಗಳದಲ್ಲಿ.

ಬಡಿಸುವುದೂ ದೂಜನೇ. ಮೊದಲ ಸೌಟು ಚೆನ್ನಯ ಮಾವನ ಎಲೆಗೆ ಹಾಕಿ, ಬಗ್ಗಿ ಮೆಲ್ಲಗೆ ಅಂದ, "ಮಾವ, ಕ್ಷಮಿಸಬೇಕು. ಇದು ರಿಜೆಕ್ಟ್ ಮಾಲು."

"ಎಂತ?"

"ಕಾಳು ಒಂದಕ್ಕೊಂದು ಸಮ ಇಲ್ಲ. ಕೆಲವದರ ಕಣ್ಣು ಓರೆ."

ಮುಂದಿನ ಎಲೆಗೂ ಹಾಗೇ. ಅದರ ಮುಂದಿನದಕ್ಕೂ. ಅರುವತ್ತು ಜನಕ್ಕೂ ಒಬ್ಬೊಬ್ಬರಿಗೇ ತಪ್ಪು ಒಪ್ಪಿಸಿ ಬಡಿಸಿದ. ಜಗಲಿಯಲ್ಲಿ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು. ಸೇವಂತಿಗೆ ನೆಲ ಬಿರಿಯಬಾರದೇ ಅನ್ನಿಸಿತು.

ಜನ ತಿಂದರು. ಬೇಸಿಗೆಯ ಮಧ್ಯಾಹ್ನ, ತಣ್ಣನೆಯ ಸೌತೆ, ಹುಳಿ ಮಾವಿನಕಾಯಿ, ಮೆತ್ತಗೊಂದು ಗಟ್ಟಿಗೊಂದು ಸಿಗುವ ಕಾಳು. ಎಲೆಗಳು ಸರಸರ ಖಾಲಿಯಾದವು. ಸೇವಂತಿ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

ದೂಜ ಹಂಡೆ ಹಿಡಿದು ಎರಡನೆಯ ಸುತ್ತು ಬಂದ. ಚೆನ್ನಯ ಮಾವ ರೂಢಿಯ ಹಾಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಬೆರಳು ಸಾಕಷ್ಟು ಅಗಲಿಸಿಯೇ ಹಿಡಿದಿದ್ದರು.

"ಬೇಡ ಬೇಡ."

"ಆಯ್ತು ಮಾವ" ಅಂದ ದೂಜ. ಮುಂದೆ ಹೋದ.

ಮುಂದಿನವನು ಬೇಡ ಅಂದ. ಆಯ್ತು ಅಂದು ಮುಂದೆ ಹೋದ. ಅದರ ಮುಂದಿನವನೂ ಹಾಗೇ. ಅರುವತ್ತು ಕೈ ಅಡ್ಡ ಬಂದವು, ಅರುವತ್ತಕ್ಕೂ ದೂಜ ಆಯ್ತು ಅಂದ. ಶೀಲಕ್ಕ ಜಗಲಿಯಿಂದ, "ಹಾಕು, ಹಾಕು" ಅಂತ ಕೈಸನ್ನೆ ಮಾಡಿದಳು. ಅವನು ತಲೆ ಅಲ್ಲಾಡಿಸಿದ. ಬೇಡ ಅಂದವರಿಗೆ ಹಾಕುವುದು ಅವನಿಗೆ ಆಗದ ಕೆಲಸ. ಹಿಂದಿನ ದಿನ ಬಿಡಿಸಿ ಹೇಳಿದ್ದರೂ ಆಗಲಿಲ್ಲ. ಎದೆಯಲ್ಲಿ ಇದ್ದದ್ದು ಒಂದೇ. ಯಾರಾದರೂ ಒಬ್ಬರು ಕೇಳಬೇಕು. ಅವನ ಕಣ್ಣು ಒಂದೊಂದೇ ಮುಖ ನೋಡಿಕೊಂಡು ಹೋಯಿತು, ನಾಯಿಮರಿಯ ಹಾಗೆ.

ಅಂಗಳದಲ್ಲಿ ಜನ ಮುಖ ಮುಖ ನೋಡಿಕೊಂಡರು. ಖಾಲಿ ಎಲೆ. ಮೂಗಿನ ಮುಂದೆ ಹಂಡೆ. ಅಡ್ಡ ಹಿಡಿದ ಕೈಯನ್ನು ಏನು ಮಾಡಬೇಕು ಅಂತ ಗೊತ್ತಾಗದೆ ಕೆಲವರು ಹಾಗೇ ಹಿಡಿದುಕೊಂಡು ಕೂತಿದ್ದರು.

ಮೂರನೆಯ ಸುತ್ತು. ದೂಜ ಮತ್ತೆ ಚೆನ್ನಯ ಮಾವನ ಎದುರು ನಿಂತ.

"ಮಾವ, ಬೇಕಾ?"

ಮಾವ ಊರಿನ ಹಿರಿಯರು. ಮರ್ಯಾದೆ ಬಿಡುವವರಲ್ಲ. ಹಂಡೆ ನೋಡಿದರು, ಎಂಜಲು ನುಂಗಿದರು. "ಬೇಡ" ಅಂದರು. ಈ ಸಲ ಕೈ ಅಡ್ಡ ಹಿಡಿಯಲಿಲ್ಲ. ಎಲೆಯನ್ನು ಒಂದಿಷ್ಟು ಮುಂದಕ್ಕೆ ತಳ್ಳಿದರು.

"ಆಯ್ತು" ಅಂದ ದೂಜ. ತಿರುಗಿ ಒಂದು ಹೆಜ್ಜೆ ಇಟ್ಟ.

"ಏ ಅಳಿಯಾ!"

ತಾಳ ಜೋಡಿಸಿ ಇಡುತ್ತಿದ್ದವನ ಕೈಯಿಂದ ತಾಳ ಬಿತ್ತು.

"ಬೇಡ ಅಂದ್ರೆ ಬೇಡವಾ? ನಿನ್ನನ್ನು ಹೆತ್ತವರು ನಿನಗೆ ಬಡಿಸಿದ್ದೇ ಇಲ್ವಾ? ಹಾಕು ಮಾರಾಯ ಇನ್ನೊಂದು ಸೌಟು! ಎರಡು ಹಾಕು!"

ಆಮೇಲೆ ಎರಡನೆಯ ಸಾಲಿನಿಂದ, "ನನಗೂ" ಅಂತ ಒಂದು ಧ್ವನಿ. "ಇಲ್ಲಿಗೂ ದೂಜಣ್ಣ." "ಓರೆ ಕಣ್ಣಿನದ್ದೇ ಹಾಕು, ತೊಂದರೆ ಇಲ್ಲ." ಹದಿನೈದು ವರ್ಷದಿಂದ ಬೇಡ ಬೇಡ ಅಂದವರೆಲ್ಲ ಒಟ್ಟಿಗೆ ಬೇಕು ಅಂದರು.

ದೂಜ ಬಡಿಸಲಿಲ್ಲ. ಸೌಟು ಹಿಡಿದು ಜಗಲಿಯ ಕಡೆ ನೋಡುತ್ತ ನಿಂತುಬಿಟ್ಟ. ಕೇಳಿಸಿತಾ ಅಂತ ಮುಖ ಮಾತ್ರ ಕೇಳುತ್ತಿತ್ತು.

ಸೇವಂತಿ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದಳು. ಗಂಡಸರ ಪಂಕ್ತಿ ಅಂತ ನೋಡಲಿಲ್ಲ. ಅವನ ಕೈಯಿಂದ ಸೌಟು ಕಿತ್ತುಕೊಂಡಳು.

"ಕೊಡಿ ಇಲ್ಲಿ. ನೀವು ಬಡಿಸಿದ್ರೆ ಜನ ಉಪವಾಸ ಸಾಯ್ತಾರೆ."

ಅವಳು ಬಡಿಸಿದಳು. ಅವನು ಹಂಡೆ ಹಿಡಿದು ಹಿಂದೆ ಹಿಂದೆ ಬಂದ. ಕೊನೆಗೆ ಹಂಡೆಯ ತಳ ಕಂಡಿತು. ಹೆಂಗಸರಿಗೆ ಪಾನಕವೇ ಗತಿಯಾಯಿತು. ಅದಕ್ಕೆ ಶೀಲಕ್ಕ ಒಂದು ವಾರ ಸೇವಂತಿಗೆ ಬೈದಳು.

ಸೋಮವಾರ ಗಂಡಹೆಂಡತಿ ಇಬ್ಬರೂ ಬೋರಿಬಂದರ್ ಸ್ಟೇಶನ್ನಿಗೆ ಹೋದರು, ಮಾವನನ್ನು ಗಾಡಿ ಹತ್ತಿಸಲು. ದೂಜ ಅರ್ಧ ದಿನ ರಜೆ ಹಾಕಿದ್ದ. ಚೆನ್ನಯ ಮಾವ ಕಿಟಕಿಯಲ್ಲಿ ಕೂತು ಸೊಸೆಯ ಮುಖ ನೋಡಿದರು.

"ಏನು ಮಗಾ, ಬರ್ತೀಯಾ? ಜಾಗ ಉಂಟು."

"ಬೇಡ ಮಾವ."

"ನಾಚಿಕೆ ಮಾಡಬೇಡ. ಹತ್ತು."

"ಬೇಡ."

"ಟಿಕೆಟ್ ಗಾಡಿಯಲ್ಲೇ ಮಾಡಿಸುವ. ಹತ್ತು ಮಾರಾಯ್ತಿ."

"ಬೇಡ ಅಂದ್ರೆ ಬೇಡ, ಮಾವ."

ಮಾವ ಅವಳನ್ನು ನೋಡಿದರು, ಅವಳ ಪಕ್ಕದಲ್ಲಿ ನಿಂತಿದ್ದ ದೂಜನನ್ನು ನೋಡಿದರು. ಅವನು ಸ್ಟೇಶನ್ನಿನ ದೊಡ್ಡ ಗಡಿಯಾರ ನೋಡುತ್ತಿದ್ದ. ಸೀಟಿ ಕೂಗಿತು, ಗಾಡಿ ಹೊರಟಿತು.

"ನಾಲ್ಕು ನಿಮಿಷ ತಡ" ಅಂದ ದೂಜ.

"ಹೂಂ" ಅಂದಳು ಸೇವಂತಿ.